ಓಗೊಟ್ಟವನು

ಜಾಲ್ಸೂರಿನಿಂದ ಸುಳ್ಯದವರೆಗೆ ಉಲ್ಲಾಸನನ್ನು ತೆರೆದ ಜೀಪಿನಲ್ಲಿ ಮೆರೆಸಿದರು. ಹಾರ ಹಾಕಲು ಒಂದು ಕೊರಳು ಸಿಕ್ಕಿದರೆ ಸಾಕು, ಆ ಕೊರಳು ಬಿಗಿದಿದೆಯೋ ಎಂದು ನಮ್ಮೂರಿನವರು ನೋಡುವುದಿಲ್ಲ. ಗಡಿಯ ಬೆಟ್ಟದಲ್ಲಿ ಹಿಮ ಕುಸಿದು ಹೂತುಹೋಗಿದ್ದ ಜೊತೆಯ ಸೈನಿಕನನ್ನು ಅವನು ಬರಿಗೈಯಲ್ಲಿ ಅಗೆದು ಉಳಿಸಿದ್ದ. ಬಲಗೈಯ ಬೆರಳುಗಳು ಹೋದವು, ಪದಕ ಬಂತು.

ಮೆರವಣಿಗೆಗೆ ಅವನ ಅವ್ವ ದುಗ್ಗಮ್ಮ ಬರಲಿಲ್ಲ. ಆ ಜೊತೆಗಾರನಿದ್ದ ಡೇರೆಯಲ್ಲೇ, ಅದೇ ಹಿಮದಡಿ ಅವಳ ಕಿರಿಮಗ ಸುಜಯನೂ ಇದ್ದ. ಉಲ್ಲಾಸ ಮೊದಲು ಎಳೆದು ತೆಗೆದದ್ದು ಕಡಬದ ಆಲ್ಬಿನ್‌ನನ್ನು. ತಮ್ಮ ಸಿಗುವಷ್ಟರಲ್ಲಿ ತಣ್ಣಗಾಗಿದ್ದ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದವಳು ಆಮೇಲೆ ಹಿರಿಮಗನ ಹತ್ತಿರ ಮಾತೇ ಬಿಟ್ಟಳು.

ನಾನು ಪಕ್ಕದ ಮನೆಯ ಸಂಕಪ್ಪ, ಹಳೆಯ ಸೈನಿಕ. ಉಲ್ಲಾಸ ನಿಜವನ್ನು ನನ್ನೊಬ್ಬನಿಗೆ ಹೇಳಿದ್ದ. ಹಿಮದಡಿಯಿಂದ ಕೇಳಿದ ದನಿ ನಮ್ಮ ಮನೆಮಾತು ಅರೆಭಾಷೆಯದು. ಆ ಬೆಟ್ಟದಲ್ಲಿ ಅದು ತಮ್ಮನದಲ್ಲದೆ ಇನ್ಯಾರ ಸ್ವರ ಎಂದು ಅಲ್ಲೇ ಅಗೆದ. ಮಲಯಾಳಿ ಮನೆಯ ಆಲ್ಬಿನ್‌ಗೆ ಸುಜಯನೇ ಬ್ಯಾರಕ್ಕಿನಲ್ಲಿ ಆ ಭಾಷೆ ಕಲಿಸಿದ್ದ, ಮೇಲಿನವರನ್ನು ಗುಟ್ಟಾಗಿ ಬೈಯಲಿಕ್ಕೆ. ಆ ಗಳಿಗೆಯಲ್ಲಿ ಉಲ್ಲಾಸನಿಗೆ ಅದು ನೆನಪಾಗಲಿಲ್ಲ.

"ಅವ್ವನ ಹತ್ರ ಬಾಯಿ ಬಿಡು ಮಾರಾಯ," ಎಂದೆ.

"ಹೇಗೆ ಹೇಳುದು? ನನ್ನ ತಪ್ಪಿನಿಂದ ಉಳಿದವ ತಾನು ಅಂತ ಆಲ್ಬಿನ್‌ಗೆ ಗೊತ್ತಾದ್ರೆ ಅವ ಬದುಕುದು ಹೇಗೆ?"

ಹೆಡ್ಡ! ನನಗೆ ಮೈಯೆಲ್ಲ ಉರಿಯಿತು. ಹೆಮ್ಮೆಯೂ ಆಯಿತು.

ಮಾರನೆಯ ದಿನ ಆಲ್ಬಿನ್ ಬಂದ. ಸುಜಯನ ಫೋಟೋಕ್ಕೆ ಕೈಮುಗಿದು, ದುಗ್ಗಮ್ಮನ ಕಾಲ ಬಳಿ ಕುಳಿತ. ನಾನೂ ಉಲ್ಲಾಸನೂ ಅಲ್ಲೇ ಇದ್ದೆವು.

"ಅವ್ವ, ಅಣ್ಣ ಮೇಲಿಂದ ಕರೆದದ್ದು ಸುಜಯನನ್ನು," ಎಂದ. "ಓ ಅಂದದ್ದು ನಾನು. ಬೇಕಂತಲೇ ನಿಮ್ಮ ಭಾಷೆಯಲ್ಲಿ ಕೂಗಿದೆ. ನನ್ನ ಹೆಸರು ಹೇಳಿದ್ರೆ ಬಿಟ್ಟು ಹೋಗ್ತಾರೆ ಅಂತ ಹೆದರಿಕೆ ಆಯ್ತು."

ಇದು ಉಲ್ಲಾಸನಿಗೂ ಗೊತ್ತಿರಲಿಲ್ಲ.

ದುಗ್ಗಮ್ಮ ಕೇಳಿದಳು, "ಆಗ ಸುಜಯನಿಗೆ ಜೀವ ಇತ್ತಾ?"

"ಇತ್ತು. ನರಳುದು ನಂಗೆ ಕೇಳ್ತಾ ಇತ್ತು."

ಅವಳು ಅಳಲಿಲ್ಲ. ಅವಳ ಕಣ್ಣು ಬಾಗಿಲ ಮೂಲೆಯ ಕತ್ತಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ, ಎಷ್ಟೋ ತಿಂಗಳಿಗೆ ಮೊದಲ ಸಲ, ಅವಳು ಹಿರಿಮಗನ ಮುಖ ನೋಡಿದಳು.

"ಉಲ್ಲಾಸ, ಇವನನ್ನು ಬಸ್ಸು ಹತ್ತಿಸಿ ಬಾ. ಬೇಗ ಕರ್ಕೊಂಡು ಹೋಗು ಮಗ. ಇಲ್ಲೇ ಇದ್ರೆ ನಾನು ಎಂತ ಮಾಡ್ತೇನೆ ಅಂತ ನಂಗೇ ಗೊತ್ತಿಲ್ಲ."

ಉಲ್ಲಾಸ ಅವನ ತೋಳು ಹಿಡಿದು ಎಬ್ಬಿಸಿದ.