ಒಂದನ್ನು ಹೊರಗೆ ತೆಗೆಯಬೇಕು

ಹೆಂಡತಿಯನ್ನು ಕಂಡು ಹೊಟ್ಟೆಕಿಚ್ಚು ಪಡುವ ಗಂಡಂದಿರು ಬೇಕಾದಷ್ಟು ಜನ ಇದ್ದಾರೆ. ಅವಳ ಸಂಬಳಕ್ಕೋ, ಅವಳ ತವರಿನ ದೊಡ್ಡಸ್ತಿಕೆಗೋ ಒಳಗೊಳಗೇ ಉರಿದುಕೊಳ್ಳುತ್ತಾರೆ. ನಮ್ಮ ಕನ್ನಡಕದವನ ಉರಿ ಅಂಥದ್ದಲ್ಲ. ಅವನ ಹೆಂಡತಿ ಅವನ ಅಪ್ಪನನ್ನೇ ಕಿತ್ತುಕೊಂಡಿದ್ದಳು.

ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನ ಕಣ್ಣಿಗೆ ಬೀಳುತ್ತದೆ. ಅಂಥ ಕಣ್ಣಿಗೆ ತನ್ನ ಮನೆಯ ಹಜಾರದಲ್ಲಿ ಆರು ವಾರದಿಂದ ನಡೆಯುತ್ತಿದ್ದದ್ದು ಬೀಳದೆ ಇರುತ್ತದೆಯೇ?

ಅಪ್ಪ ನಲವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವುದು, ಉಣ್ಣುವುದು, ಮಲಗುವುದು, ಎದ್ದು ಹೋಗುವುದು. ಮಗನನ್ನು ಬೆಳೆಸಿದ್ದೆಲ್ಲ ಅಮ್ಮ. ಜ್ವರ ಬಂದರೆ ಅಮ್ಮ, ಶಾಲೆಯಿಂದ ಕರೆ ಬಂದರೆ ಅಮ್ಮ, ಸೈಕಲ್ ಕಲಿಯುವಾಗ ಏದುಸಿರು ಬಿಡುತ್ತ ಹಿಂದೆ ಓಡಿದ್ದೂ ಅಮ್ಮ. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ, ಅಪ್ಪ ಏಳುವುದರೊಳಗೆ ಹಳೇ ಪೇಪರು ಒದ್ದೆ ಮಾಡಿ, ಬಕೆಟ್ಟು ಬೋರಲು ಹಾಕಿ ಮೇಲೆ ಹತ್ತಿ, ಲಾರಿಯ ಮುಂದಿನ ಗಾಜನ್ನು ಫಳಫಳ ಹೊಳೆಯುವಂತೆ ಒರೆಸಿದ್ದ. ಕೈಯೆಲ್ಲ ಮಸಿ. ಆಮೇಲೆ ಗೇಟಿನ ಪಕ್ಕ ನಿಂತು ಕಾದ. ಅಪ್ಪ ಬಂದ, ಹತ್ತಿದ, ಗಾಜಿನ ಕಡೆ ನೋಡಿದ, ಗಾಡಿ ಹೊರಡಿಸಿದ. ಒಂದು ಶಾಬಾಶ್ ಇಲ್ಲ, ಒಂದು ಹೂಂ ಇಲ್ಲ. ಆ ಶಾಬಾಶಿಗಾಗಿ ಅವನು ಇಪ್ಪತ್ತೇಳು ವರ್ಷದಿಂದ ಕಾಯುತ್ತಿದ್ದಾನೆ ಅಂದರೆ ನೀವು ನಗಬಹುದು, ಅವನಿಗಂತೂ ನಗು ಬರುವುದಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ಅಪ್ಪ ಮಗನ ಮನೆಯಲ್ಲಿ ಟಿವಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಆ ಬೀಗ ತೆಗೆದವಳು ಸೊಸೆ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಲ್ಲಿನ ಯಾರೋ ಕೊಟ್ಟರೆಂದು ಒಂದು ದಿನ ಜಾಮ್ ಬಾಟಲಿಯಲ್ಲಿ ಒಂದು ಫೈಟರ್ ಮೀನು ತಂದಳು. ನೀಲಿ ಮೈ, ಕೆಂಪು ರೆಕ್ಕೆ, ಜಂಬವೋ ಜಂಬ. ಅಪ್ಪ ಟಿವಿ ಆರಿಸಿ ಎದ್ದು ಬಂದ.

ಅಲ್ಲಿಂದ ಶುರು. ಮೀನಿಗೆ ದೊರೆ ಅಂತ ಹೆಸರಾಯಿತು. ಜೋಡಿ ಬೇಕೆಂದು ಒಂದು ಹೆಣ್ಣು ಬಂತು, ಬಣ್ಣಗೆಟ್ಟ ಬಡಪಾಯಿ, ಅದರ ಹೆಸರು ಬೂದಿ. ಮರಿ ಮಾಡಿಸಬೇಕು ಅನ್ನುವ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿಯಿತು. ಅಪ್ಪ ತಾರಸಿಯ ಹಳೇ ಡ್ರಮ್ಮಿನಲ್ಲಿ ಸೊಳ್ಳೆಮರಿ ಬೆಳೆಸಿದ. ಸೊಸೆ ಡ್ರಾಪರಿನಲ್ಲಿ ಅದನ್ನು ಹೀರಿ ಎರಡಕ್ಕೂ ಬೇರೆ ಬೇರೆ ತಿನ್ನಿಸಿದಳು. ದೊಡ್ಡ ಗಾಜಿನ ತೊಟ್ಟಿಗೆ ಗೇಣುದ್ದವೂ ಇಲ್ಲದಷ್ಟು ನೀರು, ಅದರಲ್ಲೊಂದು ಥರ್ಮಾಮೀಟರು, ಮೇಲೆ ತೇಲಲು ಬಾದಾಮಿ ಮರದ ಒಣ ಎಲೆ. ನಡುವೆ ಲಾಂದ್ರದ ಗಾಜು ನಿಲ್ಲಿಸಿ ಅದರೊಳಗೆ ಬೂದಿಯನ್ನು ಬಿಟ್ಟರು. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು, ಆಗಲೇ ದೊರೆಗೆ ಗೂಡು ಕಟ್ಟುವ ಮನಸ್ಸು ಬರುವುದಂತೆ. ಅದು ನಿಜವೂ ಆಯಿತು. ದೊರೆ ಎಲೆಯ ಅಡಿಯಲ್ಲಿ ಗುಳ್ಳೆ ಊದಿ ಊದಿ ನೊರೆಯ ಗೂಡು ಮಾಡಿತು.

"ಶಾಬಾಶ್ ತಾಯೀ, ನಿನ್ನ ಕೈಗುಣ ನೋಡು!" ಎಂದ ಅಪ್ಪ ಸೊಸೆಗೆ.

ದಿವಾನದ ಮೇಲೆ ಪೇಪರು ಹಿಡಿದು ಕೂತಿದ್ದ ಮಗನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ನೀರು ಬದಲಾಯಿಸಿದರೆ ಶಾಬಾಶ್, ಸೊಳ್ಳೆಮರಿ ಹಿಡಿದರೆ ಶಾಬಾಶ್. ಅವಳು ತಾಯಿ, ಮೀನು ದೊರೆ, ತಾನು ಮಾತ್ರ ಹುಟ್ಟಿದಾಗಿನಿಂದ 'ಲೋ'. ತೊಟ್ಟಿಯ ಮುಂದೆ ಎರಡು ಸ್ಟೂಲು ಇದ್ದವು, ಮೂರನೆಯದಕ್ಕೆ ಜಾಗವಿತ್ತು, ಯಾರೂ ಹಾಕಲಿಲ್ಲ. ಅವನೂ ಹಾಕಿಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು. ಪೇಪರಿನ ಹಿಂದಿನಿಂದ ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದ. ಮೊಟ್ಟೆ ಇಟ್ಟ ಮೇಲೆ ಒಂದನ್ನು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಅದು ಮೊಟ್ಟೆಯನ್ನೆಲ್ಲ ತಿಂದುಹಾಕುತ್ತದೆ ಅನ್ನುವಷ್ಟು ಕಿವಿಗೆ ಬಿದ್ದಿತ್ತು. ಯಾವುದನ್ನು ಎಂದು ಕೇಳಬೇಕಾದರೆ ಪೇಪರು ಇಳಿಸಬೇಕಾಗಿತ್ತು.

ಶುಕ್ರವಾರ ಸಂಜೆ ಲಾಂದ್ರದ ಗಾಜು ಎತ್ತಿ ಬೂದಿಯನ್ನು ಬಿಟ್ಟರು. ಶನಿವಾರ ಬೆಳಿಗ್ಗೆಯಾದರೂ ದೊರೆ ಅದನ್ನು ಅಟ್ಟಾಡಿಸುವುದು ಮುಗಿದಿರಲಿಲ್ಲ. ಅವತ್ತೇ ಅಪ್ಪನ ಕಣ್ಣಿನ ಪರೀಕ್ಷೆ. ಅದಕ್ಕೂ ಕರೆದುಕೊಂಡು ಹೋಗುತ್ತಿದ್ದವಳು ಸೊಸೆಯೇ, ಆಸ್ಪತ್ರೆಯಲ್ಲಿ ಅವಳಿಗೆ ಗುರುತಿನವರಿದ್ದಾರಂತೆ. ಹಗಲೆಲ್ಲ ಕಣ್ಣಿನ ನಂಬರಿನಲ್ಲೇ ಮುಳುಗಿರುವ ಮಗನನ್ನು ಒಂದು ಮಾತು ಕೇಳಿದವರಿಲ್ಲ.

ಚಪ್ಪಲಿ ಮೆಟ್ಟಿಕೊಂಡ ಮೇಲೆ ಅಪ್ಪ ತಿರುಗಿ ನಿಂತ. "ಲೋ, ಇವತ್ತು ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ ಕಣೋ. ಎಲ್ಲ ಮುಗಿದ ಮೇಲೆ..."

"ಗೊತ್ತಪ್ಪ. ಒಂದನ್ನ ಹೊರಗೆ ತೆಗೀಬೇಕು, ಅಷ್ಟೇ ತಾನೆ? ಆರು ವಾರದಿಂದ ಈ ಮನೇಲಿ ಅದು ಬಿಟ್ಟು ಬೇರೆ ಮಾತೇನಿದೆ?"

"ರೀ, ಸಿಡುಕಬೇಡಿ, ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು ಹೆಂಡತಿ.

"ಹೋಗ್ರಪ್ಪಾ, ಆಟೋ ಕಾಯ್ತಿದೆ," ಎಂದ ಅವನು.

"ತಡ ಮಾತ್ರ ಮಾಡ್ಬೇಡ," ಎಂದು ಅಪ್ಪ ಹೊರಟ.

ಬಾಗಿಲು ಹಾಕಿದ್ದೇ ಅವನು ಹೋಗಿ ಅಪ್ಪನ ಸ್ಟೂಲಿನ ಮೇಲೆ ಕೂತ. ಸುಳ್ಳು ಯಾಕೆ ಹೇಳಬೇಕು, ಎದೆ ಉಬ್ಬಿತ್ತು. ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ! ಅಂಗಡಿಗೆ ಫೋನು ಮಾಡಿ ಹೊಟ್ಟೆನೋವು ಅಂದ. ಅದು ತೀರಾ ಸುಳ್ಳೇನಲ್ಲ.

ಹತ್ತು ಗಂಟೆಯ ಹೊತ್ತಿಗೆ ದೊರೆ ಬೂದಿಯನ್ನು ಗೂಡಿನ ಕೆಳಗೆ ಸುತ್ತಿಕೊಂಡಿತು. ಒಂದು ಕ್ಷಣ ಎರಡೂ ಅಲುಗಾಡಲಿಲ್ಲ. ಆಮೇಲೆ ಬೂದಿಯ ಹೊಟ್ಟೆಯಿಂದ ಬಿಳಿ ಗಸಗಸೆಯಂಥ ಕಾಳು ಉದುರಿದವು. ಅವನು ಉಸಿರು ಬಿಗಿ ಹಿಡಿದು ಕೂತ. ಇಂಥದ್ದನ್ನು ಅವನು ಕಂಡೇ ಇರಲಿಲ್ಲ. ಕಾಫಿ ಮಾಡಿಕೊಳ್ಳಲು ಎದ್ದವನು ಅರ್ಧದಲ್ಲೇ ವಾಪಸು ಬಂದು ಕೂತ. ಬೂದಿ ಸತ್ತಂತೆ ಒಂದು ಮಗ್ಗುಲಾಗಿ ತೇಲುತ್ತಿತ್ತು. ದೊರೆ ಸರ್ರನೆ ಕೆಳಗಿಳಿದು ಬಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಿತು.

ಅಯ್ಯೋ ಪಾಪಿ, ತಿನ್ನುತ್ತಿದೆ!

ಮತ್ತೆ ಸುತ್ತಿತು, ಮತ್ತೆ ಉದುರಿದವು, ಮತ್ತೆ ದೊರೆ ಬಾಯಿಗೆ ಹಾಕಿಕೊಂಡಿತು. ಹನ್ನೆರಡು ಗಂಟೆಯವರೆಗೆ ಇದೇ. ಮೇಲೆ ಹೋಗಿ ನೊರೆಯೊಳಗೆ ಮೂತಿ ತೂರಿಸಿ ಬರುವುದನ್ನೂ ಅವನು ನೋಡಿದ, ಬಾಯಿ ಒರೆಸಿಕೊಂಡು ಬರುತ್ತಿದೆ ಅಂದುಕೊಂಡ. ಕೊನೆಗೆ ದೊರೆ ಬೂದಿಯನ್ನು ಕಚ್ಚಿ ಓಡಿಸತೊಡಗಿತು. ಬಡಪಾಯಿ ಹರಿದ ರೆಕ್ಕೆ ಎಳೆದುಕೊಂಡು ಮೂಲೆಗೆ ಹೋಗಿ ಅಡಗಿತು. ಅವನ ಹೊಟ್ಟೆಯಲ್ಲಿ ಆರು ವಾರದ ಉರಿ ಒಟ್ಟಿಗೇ ಎದ್ದಿತು. ಹಡೆದವಳನ್ನು ಮೂಲೆಗೆ ತಳ್ಳಿ, ಮಕ್ಕಳನ್ನು ತಿಂದು, ಜಂಬ ಬೇರೆ! ಇವನಿಗೆ ದೊರೆ ಅಂತ ಹೆಸರು!

ಪುಟ್ಟ ಬಲೆ ತೆಗೆದುಕೊಂಡು, ಗೂಡಿಗೆ ಒಂದಿಷ್ಟೂ ತಾಗದ ಹಾಗೆ, ಗಾಜು ಕೂರಿಸುವ ಕೈಯ ನಾಜೂಕಿನಿಂದ ಅವನು ದೊರೆಯನ್ನು ಎತ್ತಿ ಜಾಮ್ ಬಾಟಲಿಗೆ ಹಾಕಿದ. ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

ಸ್ವಲ್ಪ ಹೊತ್ತಿಗೆ ಬೂದಿ ಮೂಲೆಯಿಂದ ಹೊರಬಂತು. ಮೆಲ್ಲಗೆ ಗೂಡಿನ ಕೆಳಗೆ ಹೋಯಿತು. ನೊರೆಗೆ ಮೂತಿ ತಾಗಿಸಿತು. ಮುದ್ದು ಮಾಡುತ್ತಿದೆ ಅಂದುಕೊಂಡ ಅವನು. ಅಮ್ಮನ ನೆನಪು ಬಂತು.

ಒಂದು ಗಂಟೆಗೆ ಹೆಂಡತಿಯ ಫೋನು. "ಆಯ್ತಾ ರೀ?"

"ಆಯ್ತು. ತೆಗೆದಿಟ್ಟೆ."

"ಇನ್ನೊಂದು ಗೂಡಿನ ಹತ್ರಾನೇ ಇದೆಯಾ?"

"ಇದೆ. ಅಲ್ಲಿಂದ ಕದಲ್ತಾನೇ ಇಲ್ಲ. ಎಷ್ಟು ಅಕ್ಕರೆ ಅಂತೀಯಾ!"

ಆ ಕಡೆ ಫೋನು ಕೈ ಬದಲಾಯಿತು. ಅಪ್ಪನ ಗಂಟಲು. "ಶಾಬಾಶ್ ಕಣೋ!"

ಅವನು ಫೋನು ಇಟ್ಟು ಹಜಾರದಲ್ಲಿ ಎರಡು ಸುತ್ತು ಹಾಕಿದ. ಇರಲಿ, ಅವಳಿಗೆ ನೂರು ಸಿಕ್ಕಿರಲಿ, ತನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ ನಾಲ್ಕು ಜನರ ಮುಂದೆ ಸಿಕ್ಕಿದ್ದು. ದಿವಾನದ ಮೇಲೆ ಒರಗಿದವನಿಗೆ ಬೆಳಗಿನಿಂದ ಬಿಗಿಹಿಡಿದಿದ್ದ ಕಣ್ಣು ಹಾಗೇ ಮುಚ್ಚಿಹೋಯಿತು.

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಿಗೆ ಎದ್ದ. ಅಪ್ಪ ಒಬ್ಬನೇ ಬಂದಿದ್ದ. ಸೊಸೆ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಡ್ರಾಪ್ಸ್ ತರಲು ಇಳಿದಿದ್ದಳು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅಪ್ಪನಿಗೆ ಎಲ್ಲ ಮಂಜು. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ಬಂದು ಸ್ಟೂಲಿನ ಮೇಲೆ ಕೂತ. ಪಕ್ಕದ ಸ್ಟೂಲನ್ನು ತಟ್ಟಿದ.

"ಬಾರೋ, ಕೂತ್ಕೊ. ನನಗೇನೂ ಕಾಣಲ್ಲ, ನೀನೇ ನೋಡಿ ಹೇಳು. ದೊರೆ ಏನ್ ಮಾಡ್ತಿದಾನೆ? ಬಿದ್ದ ಮೊಟ್ಟೆ ಬಾಯಲ್ಲಿ ಎತ್ಕೊಂಡು ಹೋಗಿ ಗೂಡಲ್ಲಿ ಇಡ್ತಿದಾನಾ?"

ಅವನು ಕೂತ. "ಬಾಯಿಗೆ ಹಾಕ್ಕೊಳ್ಳೋದು... ತಿನ್ನೋಕಲ್ವಾ ಅಪ್ಪ?"

"ತಿನ್ನೋದಾ? ಅವನು ಮರಿ ಈಜೋವರೆಗೂ ಹೊಟ್ಟೆಗಿಲ್ದೆ ಕಾವಲು ಕೂರ್ತಾನೆ ಕಣೋ. ತಿನ್ನೋದು ಅವಳು. ಅದಕ್ಕೇ ತಾನೆ ಅವಳನ್ನ ತೆಗೆಯೋದು?"

ಅವನು ತೊಟ್ಟಿಗೆ ಮುಖ ತಾಗಿಸಿ ನೋಡಿದ. ಕೂದಲೆಳೆ ತಪ್ಪನ್ನೂ ಹಿಡಿಯುವ ಕಣ್ಣು. ನೊರೆಯ ಗೂಡು ಹಾಗೇ ಇತ್ತು, ಅದರಲ್ಲಿ ಒಂದು ಬಿಳಿ ಚುಕ್ಕಿಯೂ ಇರಲಿಲ್ಲ. ಬೂದಿಯ ಹೊಟ್ಟೆ ಮಾತ್ರ ಮೊಟ್ಟೆ ಇಡುವ ಮುಂಚಿನ ಹಾಗೇ ಗುಂಡಗಾಗಿತ್ತು.

ಅವನ ತಲೆ ಸರಸರ ಓಡಿತು. ಅಪ್ಪನಿಗೆ ಸಂಜೆಯವರೆಗೆ ಕಾಣುವುದಿಲ್ಲ. ಅವಳು ಬರಲು ಐದು ನಿಮಿಷವಾದರೂ ಬೇಕು. ಬೂದಿಯನ್ನು ತೆಗೆದು ದೊರೆಯನ್ನು ವಾಪಸು ಬಿಟ್ಟರೆ ಆಯಿತು. ನಿಮ್ಮ ದೊರೆಯೇ ತಿಂದುಹಾಕಿದ ಅಂದರೆ ಮುಗಿಯಿತು. ಶಾಬಾಶ್ ತನ್ನ ಹತ್ತಿರವೇ ಉಳಿಯುತ್ತದೆ. ಎದ್ದು ಅಡುಗೆಮನೆಗೆ ಹೋದ, ಬಾಟಲಿಗೆ ಕೈ ಹಾಕಿದ. ಬಾಟಲಿಯ ನೀರಿನ ಮೇಲೆ ಒಂದು ಮೂಲೆಯಲ್ಲಿ ಹೊಸ ನೊರೆ ಕಾಣಿಸಿತು. ಮೊಟ್ಟೆಯಿಲ್ಲ, ಎಲೆಯಿಲ್ಲ, ಆದರೂ ದೊರೆ ಗುಳ್ಳೆ ಊದುತ್ತಲೇ ಇತ್ತು. ಅದನ್ನು ನೋಡಿದ ಮೇಲೆ ಅವನ ಕೈ ಏಳಲಿಲ್ಲ.

ವಾಪಸು ಬಂದು ನಿಂತ. "ಅಪ್ಪ, ನಾನು ಗಂಡನ್ನ ತೆಗೆದೆ. ಒಂದು ಮೊಟ್ಟೆನೂ ಉಳಿದಿಲ್ಲ."

ಅಪ್ಪ ಕೂಗಾಡುತ್ತಾನೆ ಅಂದುಕೊಂಡ. ಅಪ್ಪ ಮೆತ್ತಗೆ ಕೇಳಿದ. "ಗಂಡನ್ನ ಯಾಕೋ ತೆಗೆದೆ?"

"ಮಕ್ಕಳನ್ನ ನೋಡ್ಕೊಳ್ಳೋದು ತಾಯಿ ಅಲ್ವಾ? ನಾನು ಕಂಡಿದ್ದು ಹಾಗೇ."

ಅನ್ನಬೇಕೆಂದು ಅಂದದ್ದಲ್ಲ. ಬಾಯಿಂದ ಜಾರಿದ ಮೇಲೆಯೇ ಅದರ ಭಾರ ಅವನಿಗೂ ತಿಳಿದದ್ದು. ಅಪ್ಪ ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅಂಗಿಯಲ್ಲಿ ಗಾಜು ಒರೆಸಿದರೆ ಗೀರು ಬೀಳುತ್ತದೆ. ಕನ್ನಡಕದವನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಪಕ್ಕದಲ್ಲಿ ಕೂತು ಅದನ್ನು ಇಸಿದುಕೊಂಡು, ಜೇಬಿನ ಮೆತ್ತನೆ ಬಟ್ಟೆ ತೆಗೆದು, ಬಾಯಿ ಆವಿ ಬಿಟ್ಟು, ಎರಡೂ ಗಾಜನ್ನು ಸುತ್ತ ಸುತ್ತ ಒರೆಸಿದ.

"ಫೋನಲ್ಲಿ ಅಂದ್ರಲ್ಲ, ಆ ಶಾಬಾಶ್ ವಾಪಸ್ ತಗೊಳ್ಳಿ," ಎಂದ.

ಅಪ್ಪ ಕನ್ನಡಕ ಹಾಕಿಕೊಂಡು ಮಗನ ಕಡೆ ತಿರುಗಿದ. ಕಾಣುತ್ತಿರಲಿಲ್ಲ, ಆದರೂ ತಿರುಗಿದ. "ಬೇಡ, ಇಟ್ಕೋ. ಮೀನಿಗೆ ಬೇಡ, ಅವತ್ತು ಲಾರಿ ಗಾಜು ಒರೆಸಿದ್ದೆಯಲ್ಲ, ಅದಕ್ಕೆ ಇಟ್ಕೋ. ಇಡೀ ದಿನ ಓಡಿಸಿದೆ, ಒಂದು ಗೆರೆ ಇರಲಿಲ್ಲ."

ಅವನು ತಲೆ ಬಗ್ಗಿಸಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಷ್ಟರಲ್ಲಿ ಹೆಂಡತಿ ಬಾಗಿಲು ದೂಡಿಕೊಂಡು ಬಂದಳು. ಡ್ರಾಪ್ಸ್ ಮೇಜಿನ ಮೇಲಿಟ್ಟು ತೊಟ್ಟಿಗೆ ಬಗ್ಗಿದಳು.

"ಅಯ್ಯಯ್ಯೋ, ಇವಳ್ಯಾಕೆ ಇಲ್ಲಿದಾಳೆ? ಮೊಟ್ಟೆ ಎಲ್ಲಿ? ರೀ, ಏನ್ ಮಾಡಿದ್ರಿ?"

"ಹೋಗ್ಲಿ ಬಿಡು ತಾಯಿ," ಎಂದ ಅಪ್ಪ. "ಹದಿನೈದು ದಿನ ಚೆನ್ನಾಗಿ ತಿನ್ಸಿ ಮತ್ತೆ ಬಿಡೋಣ. ಈ ಸಲ ಇವನೂ ಕೂತ್ಕೋತಾನೆ."

ಅವಳು ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು, ಅವನು ಕೂತಿದ್ದ ತನ್ನ ಸ್ಟೂಲನ್ನು ನೋಡಿದಳು. "ಬಾಗಿಲ ಹತ್ರ ಬರುವಾಗ ಕೇಳಿಸ್ತು, ಅದೇನೋ ಲಾರಿ ಗಾಜು ಅಂತಿದ್ರಲ್ಲ ಮಾವ, ಏನದು? ನನಗೆ ಯಾವತ್ತೂ ಹೇಳೇ ಇಲ್ಲ."

"ಅದು ನಮ್ಮಿಬ್ಬರ ವಿಷಯ, ಬಿಡಮ್ಮ."

ಅವಳ ಮುಖ ಸಪ್ಪಗಾಯಿತು. ಆ ಮುಖದ ಗುರುತು ಅವನಿಗೆ ಚೆನ್ನಾಗಿತ್ತು, ಆರು ವಾರದಿಂದ ಪೇಪರಿನ ಹಿಂದೆ ಅವನು ಹೊತ್ತು ಕೂತಿದ್ದದ್ದು ಅದನ್ನೇ. ಪಾಪ ಅನ್ನಿಸಿತು. ಎದ್ದು ಹೋಗಿ ಒಳಗಿನಿಂದ ಇನ್ನೊಂದು ಸ್ಟೂಲು ತಂದು ಅವಳಿಗೆ ಹಾಕಿದ. ಗಾಜಿನ ವಿಷಯ ಮಾತ್ರ ಹೇಳಲಿಲ್ಲ.