ಜೀಪು ತಂದ ಗಾಳಿ

ಆ ಬೆಳಿಗ್ಗೆ ಗಾಳಿ ಎಂಬುದು ಊರಲ್ಲೇ ಇರಲಿಲ್ಲ. ಬೇಕರಿಯ ಕೊಳವೆಯಿಂದ ಹೊರಟ ಹೊಗೆ ಮಾಳಿಗೆಯ ಎತ್ತರಕ್ಕೆ ಏರಿ, ಮುಂದೆ ದಾರಿ ಕಾಣದೆ, ಅಲ್ಲೇ ಚಾಪೆ ಹಾಸಿದಂತೆ ಮಲಗಿಬಿಟ್ಟಿತ್ತು. ಹಗ್ಗದ ಮೇಲಿನ ಬಟ್ಟೆಗಳು ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ತಣ್ಣನೆಯ ಮಂಜು ನೆಲವನ್ನು ಬಿಟ್ಟು ಮೊಣಕಾಲಿನ ಮೇಲೆ ಏರಿರಲಿಲ್ಲ. ದೇವರು ಒಂದು ಗಳಿಗೆ ಜಗತ್ತಿನ ಉಸಿರನ್ನು ಹಿಡಿದಿಟ್ಟುಕೊಂಡಂತಿತ್ತು. ಸುಮ್ಮನೆ ಕೂತು ಅವನನ್ನು ನೆನೆಯುವವರಿಗೆ ಅದಕ್ಕಿಂತ ಒಳ್ಳೆಯ ಬೆಳಗು ಸಿಗಲಾರದು. ಆದರೆ ಸ್ಟ್ರಾಬೆರಿ ತೋಟದ ಧಣಿಗೆ ದೇವರ ಮೇಲೇ ಸಿಟ್ಟು ಬಂದಿತ್ತು.

"ಸಸಿ ಲಾರಿ ಹೊರಟಾಗಿದೆ. ನಿನ್ನ ಗಾಳಿ ಎಲ್ಲಯ್ಯಾ?" ಎಂದು ಮೇಸ್ತ್ರಿಯನ್ನು ಕೇಳಿದ, ಮೇಸ್ತ್ರಿಯೇ ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡ ಹಾಗೆ.

ಮೇಸ್ತ್ರಿಯ ಕೆಲಸ, ನಾಟಿಗೆ ಮುಂಚೆ ಮಣ್ಣಿಗೆ ಔಷಧಿ ಹಾಕಿಸುವುದು. ಅದಕ್ಕೆ ಔಷಧಿ ಎಂದು ಹೆಸರಿಟ್ಟವನ ಬಾಯಿಗೆ ಸಕ್ಕರೆ ಹಾಕಬೇಕು. ಟ್ರ್ಯಾಕ್ಟರಿನ ಹಿಂದಿನ ಕಬ್ಬಿಣದ ಹಲ್ಲುಗಳು ನೆಲ ಸೀಳಿ ಅದನ್ನು ಒಳಗೆ ಬಿಡುತ್ತವೆ. ಅಲ್ಲಿ ಅದು ಆವಿಯಾಗಿ ಹುಳ, ಬೂಷ್ಟು, ಕಳೆಯ ಬೀಜ, ಯಾವುದಕ್ಕೂ ಭೇದಭಾವ ಮಾಡದೆ ಎಲ್ಲವನ್ನೂ ಮುಗಿಸುತ್ತದೆ. ಹಿಂದೆಯೇ ಸಲಿಕೆಯ ಆಳುಗಳು ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಮಣ್ಣು ಮುಚ್ಚುತ್ತ ಬರುತ್ತಾರೆ. ಎಷ್ಟು ಮುಚ್ಚಿದರೂ ಒಂದಿಷ್ಟು ಆವಿ ಸೋರಿಯೇ ಸೋರುತ್ತದೆ. ಗಾಳಿಯಿದ್ದರೆ ಅದು ಚದುರಿ ಮೇಲೆ ಹೋಗುತ್ತದೆ. ಗಾಳಿಯಿಲ್ಲದ ಚಳಿಯ ಹೊತ್ತಿನಲ್ಲಿ ಹಾವಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಆದ್ದರಿಂದಲೇ ಗಾಳಿ ಬೀಸದಿದ್ದರೆ ಡಬ್ಬದ ಮುಚ್ಚಳ ತೆಗೆಯಕೂಡದು ಎಂದು ಸರ್ಕಾರದ ಕಟ್ಟಳೆ. ಗಾಳಿ ಅಳೆಯಲು ಅಂಗೈಯಗಲದ ಒಂದು ಯಂತ್ರ ಕೊಟ್ಟಿದ್ದರು. ಅದರ ಪುಟ್ಟ ಚಕ್ರ ತಿರುಗುವುದನ್ನು ಮೊಬೈಲಿನಲ್ಲಿ ಸೆರೆಹಿಡಿದು ಆಫೀಸಿಗೆ ಕಳಿಸಬೇಕು. ಆಫೀಸಿನವರು ಅಲ್ಲಿಂದಲೇ ನೋಡಿ ಜನರ ಪ್ರಾಣ ಕಾಪಾಡುತ್ತಿದ್ದರು.

ಮೇಸ್ತ್ರಿ ಯಂತ್ರವನ್ನು ಮೇಲೆತ್ತಿ ಹಿಡಿದ. ಚಕ್ರ ಅಲುಗಲಿಲ್ಲ.

"ಕೊಡಿಲ್ಲಿ," ಎಂದು ಧಣಿ ಕಿತ್ತುಕೊಂಡು, ಕೆನ್ನೆ ಉಬ್ಬಿಸಿ ಊದಿದ. ಚಕ್ರ ಎರಡು ಸುತ್ತು ಸುತ್ತಿತು. ಧಣಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಬದುವಿನ ಮೇಲೆ ಕೂತಿದ್ದ ಆಳುಗಳಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು, "ಧಣಿಗಳು ಹೀಗೇ ಊದ್ತಾ ಇದ್ರೆ ಸಾಯಂಕಾಲದೊಳಗೆ ಬಿರುಗಾಳಿನೇ ಏಳುತ್ತೆ ಬಿಡ್ರೇ," ಎಂದಳು.

ಆಳುಗಳು ನಕ್ಕರು. ಧಣಿಯ ಮುಖ ಸಣ್ಣದಾಯಿತು. ಆಗ ಮೇಸ್ತ್ರಿಗೆ ಬುದ್ಧಿ ಓಡಿತು. ಓಡಬಾರದ ಹೊತ್ತಿನಲ್ಲೇ ಕೆಲವರಿಗೆ ಅದು ಓಡುವುದು.

"ಧಣೀ, ಜೀಪು ತೆಗೀರಿ."

ಧಣಿ ಜೀಪು ಓಡಿಸಿದ. ಮೇಸ್ತ್ರಿ ಕಿಟಕಿಯಿಂದ ಕೈ ಹೊರಗೆ ಚಾಚಿ ಯಂತ್ರ ಹಿಡಿದ. ಚಕ್ರ ಭರ್ರೆಂದು ತಿರುಗಿತು. ಹಿನ್ನೆಲೆಯಲ್ಲಿ ಆಕಾಶ ಮಾತ್ರ ಕಾಣುವ ಹಾಗೆ ಇನ್ನೊಂದು ಕೈಯಲ್ಲಿ ಚಿತ್ರ ತೆಗೆದು ಕಳಿಸಿದ. ಆಫೀಸಿನ ಸಾಹೇಬರು ತಡಮಾಡಲಿಲ್ಲ. ಮೊಬೈಲಿಗೆ ಒಪ್ಪಿಗೆಯ ಒಂದು ಹೆಬ್ಬೆರಳಿನ ಗುರುತು ಬಂತು. ಇಂಥ ಚುರುಕು ಅಧಿಕಾರಿಯನ್ನು ಪಡೆಯಲು ಊರು ಯಾವ ಜನ್ಮದಲ್ಲಿ ಪುಣ್ಯ ಮಾಡಿತ್ತೋ!

ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಿತು. ಚಾಲಕನಿಗೆ ಮುಖವಾಡ ಇತ್ತು. ಸಲಿಕೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ತೋಟಕ್ಕೂ ಸಾಲುಮನೆಗಳಿಗೂ ನಡುವೆ ಬಿಡಬೇಕಾದ ಖಾಲಿ ಜಾಗವನ್ನು ಧಣಿ ಧಾರಾಳವಾಗಿಯೇ ಬಿಟ್ಟಿದ್ದ: ಆ ಮನೆಯವರ ಹಿತ್ತಲುಗಳನ್ನೂ ಸೇರಿಸಿಕೊಂಡು.

ಸಾಲಿನ ಮೊದಲ ಮನೆ ಮೇಸ್ತ್ರಿಯ ಅಕ್ಕನದು. ಅಕ್ಕ ಹೊಲಿಗೆಯವಳು, ಊರಿನ ಅರ್ಧ ರವಿಕೆಗಳು ಅವಳ ಹಿತ್ತಲ ಕಿಟಕಿಯ ಬೆಳಕಿನಲ್ಲೇ ಹುಟ್ಟಿದವು. ಮಗಳು ಬಾಣಂತನಕ್ಕೆ ಬಂದಿದ್ದಳು. ಹಿಂದಿನ ದಿನ ಮೇಸ್ತ್ರಿ ಅಲ್ಲಿ ಹೋಗಿ ಚಹಾ ಕುಡಿದು, ಕೂಸಿನ ಬೆರಳು ಹಿಡಿದು ಆಡಿಸಿ ಬಂದಿದ್ದ. ಅಕ್ಕ ಕೇಳಿದ್ದಳು: "ನಾಳೆ ಅದೇನೋ ಹಾಕ್ತೀರಂತಲ್ಲೋ. ಮಗು ಇದೆ ಮನೇಲಿ."

"ಗಾಳಿ ಬೀಸಿದ್ರೆ ಮಾತ್ರ ಅಕ್ಕಾ. ಬೀಸಿದ್ರೆ ಕಿಟಕಿ ಹಾಕ್ಕೊಂಡು ಬಿಡು. ಬೀಸದಿದ್ರೆ ಕೆಲಸನೇ ಇಲ್ಲ. ನಾನಿದ್ದೀನಲ್ಲ."

'ನಾನಿದ್ದೀನಲ್ಲ' ಎಂಬ ಮಾತು ದೇವರ ಬಾಯಲ್ಲಿ ಚೆಂದ. ಮನುಷ್ಯ ಆಡುವಾಗ ಸ್ವಲ್ಪ ನಾಚಬೇಕು.

ಟ್ರ್ಯಾಕ್ಟರ್ ಅರ್ಧ ಹೊಲ ಮುಗಿಸಿರಲಿಲ್ಲ, ಸಲಿಕೆಯವರ ಕಣ್ಣು ಉರಿಯತೊಡಗಿತು. ಒಬ್ಬ ಸಲಿಕೆ ಬಿಸಾಡಿ ಕೂತೇಬಿಟ್ಟ. ಆಮೇಲೆ ಸಾಲುಮನೆಗಳಿಂದ ಕೂಗು ಕೇಳಿಸಿತು. ಬಾಗಿಲುಗಳು ತೆರೆದುಕೊಂಡವು; ಮುದುಕರು, ಸ್ನಾನಕ್ಕೆ ಹೊರಟಿದ್ದವರು, ಹಿಟ್ಟಿನ ಕೈಯವರು ಕಣ್ಣುಜ್ಜಿಕೊಳ್ಳುತ್ತ ದೊಡ್ಡ ರಸ್ತೆಯ ಕಡೆಗೆ ಓಡಿದರು. ಅಕ್ಕನ ತೋಳಲ್ಲಿ ಒಂದು ಬಟ್ಟೆಯ ಗಂಟಿತ್ತು. ಅದು ಅಳುತ್ತಿರಲಿಲ್ಲ.

ಮೇಸ್ತ್ರಿ ಹೊಲದ ಮಧ್ಯದಿಂದ ಹಾಳೆಗಳನ್ನು ತುಳಿದುಕೊಂಡೇ ಓಡಿದ.

ಆಸ್ಪತ್ರೆಯ ಪಡಸಾಲೆಯಲ್ಲಿ ಸೀಮೆಂಟಿನ ಬೆಂಚು. ಒಳಗೆ ಕೂಸಿನ ಮೂಗಿಗೆ ಆಮ್ಲಜನಕದ ನಳಿಕೆ. "ಉಸಿರು ಹಿಡೀತಾ ಇದೆ. ಈ ರಾತ್ರಿ ಕಳೀಲಿ, ಆಮೇಲೆ ಹೇಳ್ತೀನಿ," ಎಂದು ಡಾಕ್ಟರಮ್ಮ ಒಳಗೆ ಹೋದರು. ಬಾಣಂತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೇಸ್ತ್ರಿ ಅವಳ ಹತ್ತಿರ ಹೋದ.

"ಮಾವ, ನೀನು ಅತ್ಲಾಗಿ ನಿಂತ್ಕೋ," ಎಂದಳು ತಿರುಗದೆ. "ನಿನ್ನ ಬಟ್ಟೇಲಿ ಅದೇ ವಾಸನೆ."

ಅವನು ಅತ್ತ ಸರಿದು ನಿಂತ. ಅಕ್ಕನ ಕಣ್ಣು ಕೆಂಡವಾಗಿತ್ತು. ಔಷಧಿಗೋ ಅಳುವಿಗೋ ತಿಳಿಯುವಂತಿರಲಿಲ್ಲ.

"ಕಿಟಕಿ ಹಾಕ್ಕೋ ಅಂದಿದ್ನಲ್ಲಕ್ಕಾ..."

"ಬೀಸಿದ್ರೆ ಹಾಕ್ಕೋ ಅಂದೆ. ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದೆ, ಒಂದೆಲೆ ಅಲ್ಲಾಡ್ತಿರಲಿಲ್ಲ. ನನ್ ತಮ್ಮ ಇವತ್ತು ಕೆಲಸಕ್ಕಿಳಿಯೋದಿಲ್ಲ ಅಂತ ಇದ್ದ ಕಿಟಕಿನೆಲ್ಲ ತೆಗೆದೆ ಕಣೋ. ಮಗೂಗೆ ಬೆಳಕಾಗ್ಲಿ ಅಂತ ತೊಟ್ಟಿಲು ಅಲ್ಲಿಗೇ ಎಳೆದೆ. ಬೇರೆ ಯಾರೋ ಮೇಸ್ತ್ರಿ ಆಗಿದ್ರೆ ಮುಚ್ಚಿರ್ತಿದ್ದೆ."

ಮೇಸ್ತ್ರಿಗೆ ಬೆಂಚಿನ ಮೇಲೂ ಕೂರಲಾಗಲಿಲ್ಲ.

ಮಧ್ಯಾಹ್ನ ಸಾಹೇಬರು ಸಾಲುಮನೆಗಳ ಕಡೆಗೆ ಬಂದರು. ಆವಿಯೆಲ್ಲ ಚದುರಿದ ಮೇಲೆ, ಹೊಲದಿಂದ ದೂರದ ರಸ್ತೆಯಂಚಿನಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ನಿಂತು ಕೂಲಂಕಷ ಪರಿಶೀಲನೆ ನಡೆಸಿದರು. "ಗಾಳಿ ಚೆನ್ನಾಗಿತ್ತು ಅಂತ ನಮ್ಮಲ್ಲಿ ಚಿತ್ರನೇ ಇದೆಯಲ್ರೀ. ಗಾಳಿ ಇದ್ಮೇಲೆ ಆವಿ ಇಲ್ಲಿಗೆ ಹೇಗೆ ಬರುತ್ತೆ? ಯಾರಾದ್ರೂ ಈರುಳ್ಳಿ ಗೀರುಳ್ಳಿ ಹೆಚ್ತಾ ಇದ್ರಾ?"

"ಹೌದು ಸಾರ್," ಎಂದ ಸಾಲಿನ ಕೊನೆಯ ಮನೆಯ ಕ್ಷೌರಿಕ. "ಇಡೀ ಬೀದಿ ಸೇರಿ ಹೆಚ್ತಾ ಇದ್ವಿ. ಆಸ್ಪತ್ರೇಲಿರೋ ಕೂಸೇ ಮೇಸ್ತ್ರಿ."

ಸಾಹೇಬರಿಗೆ ಹಾಸ್ಯ ರುಚಿಸಲಿಲ್ಲ. ತಮ್ಮ ಜೀಪಿನೊಳಗೆ ಕೂತುಬಿಟ್ಟರು. ಆಸ್ಪತ್ರೆಯಿಂದ ಬಂದಿದ್ದ ಮೇಸ್ತ್ರಿಯ ಹೆಗಲ ಮೇಲೆ ಧಣಿ ಕೈಹಾಕಿ ಪಕ್ಕಕ್ಕೆ ಕರೆದ.

"ಆಗಿದ್ದು ಆಯ್ತು. ಆಸ್ಪತ್ರೆದು ನಾನು ನೋಡ್ಕೋತೀನಿ. ಉಳಿದರ್ಧ ನಾಳೆ ಮುಗಿಸಿಬಿಡೋಣ. ನೀನು ಏನೂ ಮಾಡ್ಬೇಡ, ಸುಮ್ನೆ ಬದುವಿನ ಮೇಲೆ ನಿಂತಿರು. ನಿನ್ನ ಕಾರ್ಡ್ ಇದ್ರೆ ಸಾಕು."

ಅದು ನಿಜ. ತರಬೇತಿ ಪಡೆದು ಕಾರ್ಡ್ ಇಟ್ಟುಕೊಂಡವನು ಹೊಲದಲ್ಲಿ ನಿಲ್ಲದೆ ಆ ಡಬ್ಬ ತೆರೆಯುವಂತಿರಲಿಲ್ಲ. ಆ ಸುತ್ತಿನಲ್ಲಿ ಕಾರ್ಡಿದ್ದವನು ಅವನೊಬ್ಬನೇ. ಮನೆ ನಡೆಯುವುದೂ ಅದರಿಂದಲೇ. ಉಳಿದ ಅರ್ಧ ಹೊಲ ಸಾಲುಮನೆಗಳಿಗೆ ಇನ್ನೂ ಹತ್ತಿರ.

ಮೇಸ್ತ್ರಿ ಆ ರಾತ್ರಿ ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ ಕಳೆದ. ಬೆಳಗಿನ ಜಾವ ಒಳಗಿನಿಂದ ಕೂಸು ಅತ್ತದ್ದು ಕೇಳಿಸಿತು. ಗಂಟಲು ಒಡೆದ, ಸಿಟ್ಟಿನ ಅಳು. ಅವನು ಎದ್ದು ನಿಂತು ಕೈಮುಗಿದ. ಒಳಗೆ ಹೋಗಲಿಲ್ಲ. ಅಕ್ಕ ಬಾಗಿಲಿಗೆ ಬಂದು ಅವನನ್ನು ನೋಡಿ ಮರಳಿದಳು.

ಅಲ್ಲಿಂದ ಅವನು ನೇರವಾಗಿ ಆಫೀಸಿಗೆ ನಡೆದ. ಸಾಹೇಬರು ಆಗಷ್ಟೇ ಬಂದು, ಕನ್ನಡಕ ಒರೆಸುತ್ತಿದ್ದರು.

"ಏನ್ರೀ, ಕಾರ್ಡ್ ನವೀಕರಣನಾ? ಅದಕ್ಕಿನ್ನೂ ಅವಧಿ ಇದೆಯಲ್ಲ."

"ನವೀಕರಣ ಅಲ್ಲ ಸಾರ್. ನಿನ್ನೆ ಗಾಳಿ ಇರಲಿಲ್ಲ. ಧಣಿ ಜೀಪು ಓಡಿಸಿದ್ರು, ನಾನು ಕಿಟಕಿಯಿಂದ ಯಂತ್ರ ಹಿಡಿದೆ."

ಸಾಹೇಬರ ಕೈ ಕನ್ನಡಕದ ಮೇಲೇ ನಿಂತಿತು. ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಇದನ್ನೆಲ್ಲ ನನಗ್ಯಾಕೆ ಹೇಳ್ತೀರಿ? ಕೇಳಿಸ್ಕೊಂಡ್ರೆ ನಾನು ಬರ್ಕೋಬೇಕಾಗುತ್ತೆ. ಬರ್ಕೊಂಡ್ರೆ ನಿಮ್ಮ ಹೆಸರೂ ಬರುತ್ತೆ. ನನ್ನ ಹೆಬ್ಬೆರಳೂ ಬರುತ್ತೆ."

"ಬರ್ಕೊಳ್ಳಿ ಸಾರ್. ಎರಡೂ ಬರಲಿ."

"ಯೋಚನೆ ಮಾಡಿ ಮೇಸ್ತ್ರಿಗಳೇ. ಹೊಟ್ಟೆಪಾಡು."

ಮೇಸ್ತ್ರಿ ಅಂಗಿಯ ಜೇಬಿಗೆ ಕೈಹಾಕಿದ. ಜನರ ಪ್ರಾಣ ನೋಡಿಕೊಳ್ಳುತ್ತಾನೆ ಎಂಬ ಭರವಸೆಯ ಮೇಲೆ ಕೊಟ್ಟಿದ್ದ ಕಾರ್ಡ್ ಅದು; ಆ ಕೆಲಸ ಮಾಡದವನ ಬಳಿ ಅದು ಸಾಲವಾಗಿ ಉಳಿದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿನ ಮೇಲೆ, ಸಾಹೇಬರ ಕಡೆಗೆ ತಿರುಗಿಸಿ ಇಟ್ಟ.

"ತಗೊಳ್ಳಿ ಸಾರ್," ಎಂದ ಮೆಲ್ಲಗೆ.