ಲೋಟದ ಗಂಟೆ

ಅಕ್ಕ ಸಂಸತ್ತಿಗೆ ಮೂರು ಸಲ ಗೆದ್ದವಳು. ಮೂರು ಸಲವೂ ಊರೂರು ಸುತ್ತಿ ಚಪ್ಪಲಿ ಸವೆಸಿದವನು ತಮ್ಮ. ಅವಳ ಭಾಷಣಗಳೆಲ್ಲ ಪಳಗಿದ್ದು ಮನೆಯ ಊಟದ ಮೇಜಿನ ಮುಂದೆ. ಕೊಟ್ಟ ಸಮಯ ಮುಗಿದರೆ ಸದನದಲ್ಲಿ ಸಭಾಧ್ಯಕ್ಷರು ಗಂಟೆ ಬಾರಿಸುತ್ತಾರೆ. ಮನೆಯಲ್ಲಿ ಆ ಕೆಲಸ ತಮ್ಮನದು. ಗಡಿಯಾರ ನೋಡಿಕೊಂಡು ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಎಂದು ಬಡಿಯುತ್ತಿದ್ದ. ಅಕ್ಕ ಮಾತನ್ನು ಇದ್ದಲ್ಲೇ ಬಿಟ್ಟು ಕೂತುಬಿಡುತ್ತಿದ್ದಳು. ಸದನದಲ್ಲೂ ಅಷ್ಟೇ. ಉಳಿದವರು ಗಂಟೆ ಕಿವಿಗೇ ಬೀಳಲಿಲ್ಲವೆಂಬಂತೆ ಗಂಟಲು ಹರಿದುಕೊಳ್ಳುತ್ತಿದ್ದರೆ, ಇವಳೊಬ್ಬಳು ಅರ್ಧ ವಾಕ್ಯಕ್ಕೇ ಕೂರುತ್ತಿದ್ದಳು. ತಮ್ಮನಿಗೆ ಅದೇ ಹೆಮ್ಮೆ. ಎದುರಿಗೆ ಮಾತ್ರ ಒಪ್ಪಿಕೊಂಡವನಲ್ಲ.

ಒಬ್ಬರಿಗೆ ಮೂರೇ ಅವಧಿ ಸಾಕು ಎಂಬ ಮಸೂದೆ ತಂದವಳೂ ಅವಳೇ. ಅದು ಬಿದ್ದುಹೋಯಿತು. ಬೀಳದೆ ಏನು, ಕುರ್ಚಿಗೆ ಅಂಟಿಕೊಂಡವರೇ ಕುರ್ಚಿ ಬಿಡಲು ಕೈ ಎತ್ತುತ್ತಾರೆಯೇ? "ಕಾನೂನು ಬರಲಿ ಬಿಡಲಿ, ನಾನಂತೂ ನಾಲ್ಕನೇ ಸಲ ನಿಲ್ಲಲ್ಲ" ಎಂದು ಅವಳು ಸದನದಲ್ಲೇ ಹೇಳಿದ್ದಳು.

ಚುನಾವಣೆ ಹತ್ತಿರ ಬಂದಾಗ ತಮ್ಮನಿಗೆ ಊಟ ರುಚಿಸಲಿಲ್ಲ. ಅಕ್ಕ ನಿಲ್ಲದಿದ್ದರೆ ತಾನು ಯಾರು? ಬಾಗಿಲಲ್ಲಿ ಜನ, ಹೋದಲ್ಲೆಲ್ಲ ಮುಂದಿನ ಸಾಲಿನ ಕುರ್ಚಿ, ಎಲ್ಲ ಒಂದೇ ಏಟಿಗೆ ನಿಂತುಹೋಗುತ್ತದೆ. ಅವನೇ ಉಪಾಯ ಹೂಡಿ ಪಕ್ಷದ ಹಿರಿಯರನ್ನೂ ಹಳೆಯ ಕಾರ್ಯಕರ್ತರನ್ನೂ ಭಾನುವಾರ ಮನೆಗೆ ಕರೆಸಿದ.

"ನೀವಿಲ್ಲದೆ ಈ ಸೀಟು ಉಳಿಯಲ್ಲಮ್ಮಾ," ಎಂದರು ಹಿರಿಯರು. "ಕಾನೂನೇ ಇಲ್ವಲ್ಲ, ತಡೆಯೋರ್ಯಾರು?"

ಮೊದಲ ಚುನಾವಣೆಯಿಂದ ಜೊತೆಗಿದ್ದ, ಬಟ್ಟೆ ಹೊಲಿಯುವ ಅಜ್ಜಿ ಅಕ್ಕನ ಕೈ ಹಿಡಿದು ಅತ್ತೇಬಿಟ್ಟಳು. "ಇದೊಂದ್ಸಲ ಕಣೇ ಮಗಳೇ. ಕಣ್ಮುಚ್ಚೋ ಮುಂಚೆ ಇನ್ನೊಂದ್ಸಲ ನಿಂಗೇ ಓಟು ಹಾಕ್ತೀನಿ."

ಅಕ್ಕ ಕರಗಿದಳು. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ನೀವೆಲ್ಲ ಇಷ್ಟು ಹೇಳೋವಾಗ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ಆಯ್ತು, ಇದೊಂದು ಸಲ ನಾನು..."

ತಮ್ಮ ಕಾದಿದ್ದ ಮಾತು ಇದೇ. ಆದರೆ ಕಿವಿಗೆ ಬಿದ್ದದ್ದೇ ಅವನಿಗೆ ಸದನದಲ್ಲಿ ಗಂಟೆ ಬಾರಿಸಿದರೂ ಕೂರದವರು ನೆನಪಾದರು. ಇವಳೂ ಉಳಿದವರಂತಾದರೆ ತಾನು ಇಷ್ಟು ವರ್ಷ ಯಾರಿಗಾಗಿ ಚಪ್ಪಲಿ ಸವೆಸಿದ್ದು? ಬಂದವರು ಕುಡಿದಿಟ್ಟ ಲೋಟಗಳು ಮೇಜಿನ ಮೇಲಿದ್ದವು. ಒಂದನ್ನು ಎಳೆದುಕೊಂಡು ಚಮಚದಿಂದ ಬಡಿದ.

ಟಣ್.

"ಏನಯ್ಯಾ ಇದು?" ಎಂದರು ಹಿರಿಯರು.

"ಸಮಯ ಆಯ್ತು," ಎಂದ ತಮ್ಮ.

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಮಾತು ಮುಗಿಸದೆ ಕೂತಳು.